ಕನ್ನಡದಲ್ಲಿ ಕ್ರೀಡಾ ವೀಕ್ಷಕ ವಿವರಣೆ

ಕ್ರೀಡಾ ವೀಕ್ಷಕ ವಿವರಣೆ ಎಂದರೆ ನಡೆಯುತ್ತಿರುವ ಆಟವನ್ನು ಕಣ್ಣಾರೆ ಕಾಣುತ್ತ, ಅದೇ ಕ್ಷಣದಲ್ಲಿ ಅದನ್ನು ಮಾತಿನ ಮೂಲಕ ಕೇಳುಗರಿಗೆ ಅಥವಾ ನೋಡುಗರಿಗೆ ತಲುಪಿಸುವ ಕಲೆ ಮತ್ತು ವೃತ್ತಿ. ಈ ಕೆಲಸ ಮಾಡುವವರನ್ನು ವೀಕ್ಷಕ ವಿವರಣೆಗಾರರು ಎಂದು ಕರೆಯುತ್ತಾರೆ. ಕರ್ನಾಟಕದಲ್ಲಿ ಈ ಕಲೆ ಆಕಾಶವಾಣಿ, ದೂರದರ್ಶನ ವಾಹಿನಿಗಳು, ಅಂತರಜಾಲದ ನೇರಪ್ರಸಾರ ಮತ್ತು ಊರೂರುಗಳ ಪಂದ್ಯಾವಳಿಗಳ ಧ್ವನಿವರ್ಧಕ ಎಂಬ ನಾಲ್ಕು ನೆಲೆಗಳಲ್ಲಿ ಬೆಳೆದಿದೆ. ಇವುಗಳಲ್ಲಿ ಕೊನೆಯದು ಅತ್ಯಂತ ವ್ಯಾಪಕವಾದದ್ದು, ಅಷ್ಟೇ ಕಡಿಮೆ ದಾಖಲಾದದ್ದು. ಪದವಿ ಮುಗಿಸಿ ಈ ವೃತ್ತಿಗೆ ಬರಬಯಸುವ ಹೆಚ್ಚಿನ ತರುಣರಿಗೆ ಮೊದಲ ಪಾಠಶಾಲೆಯೂ ಅದೇ. ಈ ಲೇಖನವು ಕನ್ನಡ ವೀಕ್ಷಕ ವಿವರಣೆಯ ಹಿನ್ನೆಲೆ, ಮಂಡ್ಯ ಸೀಮೆಯ ಪಂದ್ಯಾವಳಿಗಳಲ್ಲಿ ಅದರ ಸ್ವರೂಪ, ಹೊಸಬರ ಪ್ರವೇಶಮಾರ್ಗ ಹಾಗೂ ಭಾಷೆಯ ಪ್ರಶ್ನೆಗಳನ್ನು ಕುರಿತದ್ದು.

ಪದ ಮತ್ತು ವ್ಯಾಪ್ತಿ

'ವೀಕ್ಷಕ ವಿವರಣೆ' ಎಂಬ ಜೋಡುಪದವು ನೋಡುವುದು ಮತ್ತು ಹೇಳುವುದು ಎಂಬ ಎರಡೂ ಕ್ರಿಯೆಗಳನ್ನು ಒಳಗೊಂಡಿದೆ. ವಿವರಣೆ ನೀಡುವವನು ಮೊದಲು ವೀಕ್ಷಕನಾಗಿರಬೇಕು ಎಂಬುದು ಪದದಲ್ಲಿಯೇ ಅಡಗಿರುವ ನಿಯಮ. ಆಡುಮಾತಿನಲ್ಲಿ 'ಕಾಮೆಂಟ್ರಿ' ಎಂಬ ಪದವೇ ಹೆಚ್ಚು ಬಳಕೆಯಲ್ಲಿದ್ದು, ಹಳ್ಳಿಗಳಲ್ಲಿ 'ಮೈಕ್ ಹಿಡಿಯುವವರು' ಎಂದೂ ಹೇಳುತ್ತಾರೆ.

ವೀಕ್ಷಕ ವಿವರಣೆಯು ಕ್ರೀಡೆಗೆ ಮಾತ್ರ ಸೀಮಿತವಲ್ಲ. ಮೈಸೂರು ದಸರಾದ ಜಂಬೂ ಸವಾರಿಯನ್ನು ಆಕಾಶವಾಣಿಯು ವೀಕ್ಷಕ ವಿವರಣೆಯ ಮೂಲಕ ಪ್ರಸಾರ ಮಾಡುತ್ತ ಬಂದಿದೆ. ಆನೆಯ ನಡಿಗೆ, ಸ್ತಬ್ಧಚಿತ್ರಗಳು, ಕಲಾತಂಡಗಳ ಸಾಲು ಇವನ್ನು ಕಾಣದ ಕೇಳುಗರಿಗೆ ಮಾತಿನಲ್ಲಿಯೇ ಕಟ್ಟಿಕೊಡುವ ಈ ಪ್ರಸಾರವು ಅನೇಕ ಕನ್ನಡಿಗರು ಕೇಳಿದ ಮೊದಲ ವೀಕ್ಷಕ ವಿವರಣೆಯೂ ಹೌದು. ಆದರೆ ಮೆರವಣಿಗೆಯ ಕ್ರಮ ಮೊದಲೇ ಗೊತ್ತಿರುತ್ತದೆ. ಆಟದಲ್ಲಿ ಮುಂದಿನ ಕ್ಷಣ ಏನೆಂಬುದು ಆಡುವವರಿಗೂ ತಿಳಿದಿರುವುದಿಲ್ಲ. ಕ್ರೀಡಾ ವಿವರಣೆಯ ಕಷ್ಟವೂ ಸೊಗಸೂ ಈ ಅನಿಶ್ಚಿತತೆಯಿಂದ ಹುಟ್ಟುತ್ತವೆ.

ಹಿನ್ನೆಲೆ

ಅಮೆರಿಕದ ಪಿಟ್ಸ್‌ಬರ್ಗ್ ನಗರದ ಕೆಡಿಕೆಎ ಬಾನುಲಿ ಕೇಂದ್ರವು 1921ರ ಆಗಸ್ಟ್ 5ರಂದು ಮೇಜರ್ ಲೀಗ್ ಬೇಸ್‌ಬಾಲ್ ಪಂದ್ಯವೊಂದನ್ನು ಮೊದಲ ಬಾರಿಗೆ ನೇರವಾಗಿ ಪ್ರಸಾರ ಮಾಡಿತು. ವಿವರಣೆ ನೀಡಿದವರು ಹೆರಾಲ್ಡ್ ಆರ್ಲಿನ್. ಇಂಗ್ಲೆಂಡಿನಲ್ಲಿ ಬಿಬಿಸಿ ಸಂಸ್ಥೆಯು 1927ರ ಜನವರಿಯಲ್ಲಿ ಟ್ವಿಕನ್‌ಹ್ಯಾಮ್‌ನ ರಗ್ಬಿ ಪಂದ್ಯದಿಂದ ಕ್ರೀಡಾ ವಿವರಣೆಯನ್ನು ಆರಂಭಿಸಿತು. ಆಗ ಮೈದಾನವನ್ನು ಅಂಕಿಗಳಿರುವ ಚೌಕಗಳಾಗಿ ವಿಂಗಡಿಸಿದ ನಕ್ಷೆಯನ್ನು ಸಂಸ್ಥೆಯ ಪತ್ರಿಕೆಯಲ್ಲಿ ಮುದ್ರಿಸಲಾಗಿತ್ತು. ಒಬ್ಬರು ಆಟವನ್ನು ವಿವರಿಸುತ್ತಿದ್ದರೆ, ಮತ್ತೊಬ್ಬರು ಚೆಂಡು ಎಷ್ಟನೆಯ ಚೌಕದಲ್ಲಿದೆ ಎಂಬುದನ್ನು ಹೇಳುತ್ತಿದ್ದರು. ಕಾಣದ ಮೈದಾನವನ್ನು ಕೇಳುಗರ ಮನಸ್ಸಿನಲ್ಲಿ ಹೇಗೆ ಹರಡಬೇಕು ಎಂಬುದು ಈ ಕಲೆಯ ಮೂಲಪ್ರಶ್ನೆ ಎಂಬುದಕ್ಕೆ ಇದು ಸಾಕ್ಷಿ.

ಭಾರತದಲ್ಲಿ ಈ ಕಲೆಗೆ ತಳಹದಿ ಹಾಕಿದವರು ಎ. ಎಫ್. ಎಸ್. ತಲ್ಯಾರ್‌ಖಾನ್. ಅವರು 1930ರ ದಶಕದಲ್ಲಿ ಮುಂಬಯಿಯ ಕ್ರಿಕೆಟ್ ಪಂದ್ಯಗಳಿಗೆ ಇಂಗ್ಲಿಷಿನಲ್ಲಿ ವಿವರಣೆ ನೀಡಿದರು. ಸ್ವಾತಂತ್ರ್ಯಾನಂತರ ಆಕಾಶವಾಣಿಯ ರಾಷ್ಟ್ರೀಯ ಪ್ರಸಾರದಲ್ಲಿ ಇಂಗ್ಲಿಷ್ ಮತ್ತು ಹಿಂದಿ ವಿವರಣೆಗಳು ಸರದಿಯಂತೆ ಬರುವ ಪದ್ಧತಿ ರೂಢಿಗೆ ಬಂತು. ಹಿಂದಿಯಲ್ಲಿ ಜಸ್‌ದೇವ್ ಸಿಂಗ್ ಮತ್ತು ಸುಶೀಲ್ ದೋಶಿ ಮನೆಮಾತಾದರು. ಸಿಂಗ್ ಅವರಿಗೆ 1985ರಲ್ಲಿ ಪದ್ಮಶ್ರೀ, 2008ರಲ್ಲಿ ಪದ್ಮಭೂಷಣ ದೊರೆಯಿತು. ದೋಶಿಯವರಿಗೆ 2016ರಲ್ಲಿ ಪದ್ಮಶ್ರೀ ಸಂದಿತು. ಬಂಗಾಳಿಯಲ್ಲಿ ಅಜಯ್ ಬಸು ಮೊದಲಾದವರು ತಮ್ಮ ಭಾಷೆಗೆ ಒಗ್ಗುವ ವಿವರಣೆಯ ಶೈಲಿಯನ್ನು ರೂಪಿಸಿದರು.

ಕನ್ನಡ ನಾಡಿನ ಬಾನುಲಿಯ ಇತಿಹಾಸ ಮೈಸೂರಿನಿಂದ ಆರಂಭವಾಗುತ್ತದೆ. ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಬಾನುಲಿ ಕೇಂದ್ರವೊಂದನ್ನು ಪ್ರಾರಂಭಿಸಿದರು. ಅದಕ್ಕೆ ಇಟ್ಟ 'ಆಕಾಶವಾಣಿ' ಎಂಬ ಹೆಸರೇ ಮುಂದೆ ಇಡೀ ದೇಶದ ಬಾನುಲಿಯ ಹೆಸರಾಯಿತು. ಒಬ್ಬ ಅಧ್ಯಾಪಕನ ಆಸಕ್ತಿಯಿಂದ ಮೂಡಿದ ಧ್ವನಿಪ್ರಸಾರವೆಂಬ ಕಾರಣಕ್ಕೂ ಇದು ಗಮನಾರ್ಹ.

ರಾಜ್ಯದ ಕ್ರೀಡೆಗೆ 1974 ಮಹತ್ವದ ವರ್ಷ. ಎರಾಪಳ್ಳಿ ಪ್ರಸನ್ನ ನಾಯಕತ್ವದ ಕರ್ನಾಟಕ ತಂಡವು ಬೆಂಗಳೂರಿನಲ್ಲಿ ನಡೆದ ರಣಜಿ ಟ್ರೋಫಿ ಸೆಮಿಫೈನಲ್‌ನಲ್ಲಿ ಬಾಂಬೆ ತಂಡದ 15 ವರ್ಷಗಳ ಸತತ ಪ್ರಭುತ್ವವನ್ನು ಕೊನೆಗೊಳಿಸಿತು. ಬಳಿಕ ಜೈಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ ಮೊದಲ ಬಾರಿಗೆ ಪ್ರಶಸ್ತಿ ಗೆದ್ದಿತು. ಅದೇ ವರ್ಷದ ನವೆಂಬರಿನಲ್ಲಿ ಬೆಂಗಳೂರಿನ ಕ್ರೀಡಾಂಗಣದಲ್ಲಿ ಮೊದಲ ಟೆಸ್ಟ್ ಪಂದ್ಯ ನಡೆಯಿತು. ಅಂಗಡಿಯ ಕಟ್ಟೆ, ಹೋಟೆಲು, ಗದ್ದೆಯ ಬದುಗಳಲ್ಲಿ ಟ್ರಾನ್ಸಿಸ್ಟರ್‌ಗೆ ಕಿವಿಗೊಟ್ಟು ಆಟ ಕೇಳುತ್ತಿದ್ದ ಆ ಪೀಳಿಗೆಗೆ ಆಟವೆಂದರೆ ಮೊದಲು ಧ್ವನಿ, ನಂತರ ದೃಶ್ಯ. 1982ರ ದೆಹಲಿ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ ವರ್ಣ ದೂರದರ್ಶನ ಬಂತು. 1983ರ ವಿಶ್ವಕಪ್ ವಿಜಯದ ಬಳಿಕ ಆಟವನ್ನು ನೋಡುವ ಹವ್ಯಾಸ ಹಬ್ಬಿತು.

ದೂರದರ್ಶನ ವಾಹಿನಿಗಳಲ್ಲಿ ಕನ್ನಡ ವಿವರಣೆಗೆ ದೊಡ್ಡ ಅವಕಾಶ ತೆರೆದದ್ದು 2010ರ ದಶಕದಲ್ಲಿ. 2014ರಲ್ಲಿ ಆರಂಭವಾದ ಪ್ರೊ ಕಬಡ್ಡಿ ಲೀಗ್ ದೇಶೀ ಆಟಕ್ಕೆ ದೊಡ್ಡ ಪರದೆಯ ಗೌರವ ತಂದಿತು. 2018ರ ಇಂಡಿಯನ್ ಪ್ರೀಮಿಯರ್ ಲೀಗ್ ಕನ್ನಡವೂ ಸೇರಿ ಆರು ಭಾಷೆಗಳಲ್ಲಿ ಪ್ರಸಾರವಾಯಿತು. ಅದೇ ವರ್ಷದ ಕೊನೆಯಲ್ಲಿ ಸ್ಟಾರ್ ಸ್ಪೋರ್ಟ್ಸ್ ಸಂಸ್ಥೆಯ ಕನ್ನಡ ವಾಹಿನಿ ಬಂತು. ವಿಜಯ್ ಭಾರದ್ವಾಜ್, ಭರತ್ ಚಿಪ್ಲಿ ಮೊದಲಾದ ಮಾಜಿ ಆಟಗಾರರ ಕನ್ನಡ ವಿವರಣೆ ಮನೆಮನೆಗೆ ತಲುಪಿತು. ಮೊಬೈಲ್ ಪ್ರಸಾರದಲ್ಲಿಯೂ ಐಪಿಎಲ್‌ನ ಕನ್ನಡ ವಿವರಣೆ ಲಭ್ಯವಾಯಿತು.

ಮಂಡ್ಯ ಸೀಮೆಯ ಪಂದ್ಯಾವಳಿಗಳು

ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಮದ್ದೂರಿಗೂ ಮಂಡ್ಯಕ್ಕೂ ನಡುವೆ ಇರುವ ಗೆಜ್ಜಲಗೆರೆಯು ಮಂಡ್ಯ ಜಿಲ್ಲಾ ಹಾಲು ಒಕ್ಕೂಟದ ಡೇರಿಯಿಂದಾಗಿ ಹೆಸರಾದ ಊರು. ಇಂತಹ ಊರುಗಳೂ, ಮದ್ದೂರು, ಮಳವಳ್ಳಿ, ಮಂಡ್ಯ ತಾಲ್ಲೂಕುಗಳ ಕಬ್ಬು–ಭತ್ತದ ಹಳ್ಳಿಗಳೂ ಸೇರಿದ ಸೀಮೆಯಲ್ಲಿ ಕಬಡ್ಡಿ, ವಾಲಿಬಾಲ್, ಟೆನಿಸ್ ಚೆಂಡಿನ ಕ್ರಿಕೆಟ್ ಹಾಗೂ ಜೋಡೆತ್ತಿನ ಗಾಡಿ ಓಟದ ಸ್ಪರ್ಧೆಗಳು ಜನಪ್ರಿಯ. ಸುಗ್ಗಿಯ ನಂತರದ ಬಿಡುವು, ಗ್ರಾಮದೇವತೆಯ ಹಬ್ಬ, ಗಣೇಶೋತ್ಸವ, ಕನ್ನಡ ರಾಜ್ಯೋತ್ಸವ ಇವೇ ಪಂದ್ಯಾವಳಿಗಳ ಕಾಲ. ರಾತ್ರಿ ದೀಪಗಳ ಕೆಳಗೆ ನಡೆಯುವ ಆಟಕ್ಕೆ 'ಹೊನಲು ಬೆಳಕಿನ ಪಂದ್ಯಾವಳಿ' ಎಂಬ ಸುಂದರ ಹೆಸರು ಕರಪತ್ರಗಳಲ್ಲಿ ನೆಲೆಗೊಂಡಿದೆ. ಬಹುಮಾನವಾಗಿ ನಗದು ಮತ್ತು ಟ್ರೋಫಿಯ ಜೊತೆಗೆ ಕೆಲವೆಡೆ ಟಗರನ್ನು ಕೊಡುವುದುಂಟು.

ಇಂತಹ ಪಂದ್ಯಾವಳಿಯ ಕೇಂದ್ರಬಿಂದು ಧ್ವನಿವರ್ಧಕ. ಶಾಮಿಯಾನದ ಕೆಳಗಿನ ಮೇಜಿನ ಮುಂದೆ ಕುಳಿತ ವಿವರಣೆಗಾರನ ಕೆಲಸ ಆಟದ ವರ್ಣನೆಗಷ್ಟೇ ಮುಗಿಯುವುದಿಲ್ಲ. ಮುಂದಿನ ಪಂದ್ಯಕ್ಕೆ ತಂಡಗಳನ್ನು ಕರೆಯುವುದು, ಪ್ರವೇಶ ಶುಲ್ಕ ಕಟ್ಟದವರನ್ನು ನೆನಪಿಸುವುದು, ಬಹುಮಾನದ ದಾನಿಗಳ ಹೆಸರು ಹೇಳುವುದು, ವೇದಿಕೆಗೆ ಬಂದ ಹಿರಿಯರನ್ನು ಸ್ವಾಗತಿಸುವುದು, ಗೆರೆಯೊಳಗೆ ನುಗ್ಗುವ ಜನರನ್ನು ಹಿಂದಕ್ಕೆ ಸರಿಸುವುದು, ತಪ್ಪಿಸಿಕೊಂಡ ಮಗುವಿನ ತಂದೆತಾಯಿಯನ್ನು ಕರೆಯುವುದು, ದಾರಿಗೆ ಅಡ್ಡ ನಿಲ್ಲಿಸಿದ ಬೈಕಿನ ನೋಂದಣಿ ಸಂಖ್ಯೆ ಓದುವುದು ಎಲ್ಲವೂ ಅವನ ಪಾಲಿಗೆ ಸೇರುತ್ತವೆ. ತೀರ್ಪಿನ ಬಗ್ಗೆ ಜಗಳ ಎದ್ದಾಗ ಎರಡೂ ಊರಿನವರನ್ನು ಸಮಾಧಾನಪಡಿಸುವ ಹೊಣೆಯೂ ಅನೇಕ ವೇಳೆ ಮೈಕ್ ಹಿಡಿದವನದೇ.

ಹೋಬಳಿ, ತಾಲ್ಲೂಕು, ಜಿಲ್ಲಾ ಮಟ್ಟದ ಶಾಲಾ ಕ್ರೀಡಾಕೂಟಗಳು, ದಸರಾ ಕ್ರೀಡಾಕೂಟ ಮತ್ತು ಅಂತರಕಾಲೇಜು ಪಂದ್ಯಾವಳಿಗಳು ಈ ಕಲೆಯ ಮತ್ತೊಂದು ನೆಲೆ. ಇಲ್ಲಿ ಮೈಕ್ ಸಾಮಾನ್ಯವಾಗಿ ದೈಹಿಕ ಶಿಕ್ಷಣ ಶಿಕ್ಷಕರ ಅಥವಾ ಕನ್ನಡ ಅಧ್ಯಾಪಕರ ಕೈಯಲ್ಲಿರುತ್ತದೆ. ಆಟದ ನಿಯಮ ಬಲ್ಲವರು ಮೊದಲನೆಯವರು, ಮಾತು ಬಲ್ಲವರು ಎರಡನೆಯವರು. ಎರಡನ್ನೂ ಬಲ್ಲ ವಿದ್ಯಾರ್ಥಿಯೊಬ್ಬ ಕಂಡರೆ ಮೈಕ್ ಅವನಿಗೆ ದಾಟುತ್ತದೆ.

ಕರಾವಳಿಯ ಕಂಬಳ ಮತ್ತು ಬಯಲುಸೀಮೆಯ ಎತ್ತಿನಗಾಡಿ ಓಟಗಳ ವಿವರಣೆಯದು ಪ್ರತ್ಯೇಕ ಪರಂಪರೆ. 2014ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಈ ಸ್ಪರ್ಧೆಗಳಿಗೆ ತಡೆಯುಂಟಾಗಿತ್ತು. 2017ರಲ್ಲಿ ಕರ್ನಾಟಕವು ಕಾನೂನಿಗೆ ತಿದ್ದುಪಡಿ ತಂದು ಅವಕಾಶ ನೀಡಿತು. 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವು ಈ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಸ್ಪರ್ಧೆ ನಿಂತ ಕಾಲದಲ್ಲಿ ಅದರ ವಿವರಣೆಗಾರರೂ ಮೌನವಾಗಬೇಕಾಯಿತು. ಆಟ ಉಳಿದರೆ ಮಾತ್ರ ಆಟದ ಮಾತೂ ಉಳಿಯುತ್ತದೆ ಎಂಬುದನ್ನು ಈ ಅವಧಿ ತೋರಿಸಿತು.

ಪದವಿಯ ನಂತರದ ಪ್ರವೇಶ

ಕನ್ನಡ ಕ್ರೀಡಾ ವಿವರಣೆಗೆಂದೇ ಗೊತ್ತಾದ ಶಿಕ್ಷಣಕ್ರಮವಾಗಲಿ, ಮೆಟ್ಟಿಲುಮೆಟ್ಟಿಲಾಗಿ ಏರುವ ವೃತ್ತಿಮಾರ್ಗವಾಗಲಿ ರೂಪುಗೊಂಡಿಲ್ಲ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1951ರಲ್ಲಿ ನಾಡಿಗ ಕೃಷ್ಣಮೂರ್ತಿಯವರ ನೇತೃತ್ವದಲ್ಲಿ ಪತ್ರಿಕೋದ್ಯಮ ಶಿಕ್ಷಣ ಆರಂಭವಾಯಿತು. ಇಂದು ರಾಜ್ಯದ ಅನೇಕ ಕಾಲೇಜುಗಳಲ್ಲಿ ಪತ್ರಿಕೋದ್ಯಮವು ಪದವಿ ತರಗತಿಯ ಐಚ್ಛಿಕ ವಿಷಯ. ಆದರೆ ಅಲ್ಲಿ ಕಲಿಯುವ ಬರವಣಿಗೆ ಮತ್ತು ಸಂದರ್ಶನಕ್ಕೂ, ನಿಂತಲ್ಲೇ ತಡೆಯಿಲ್ಲದೆ ಆಟವನ್ನು ಹೇಳುವುದಕ್ಕೂ ಅಂತರವಿದೆ. ಆದ್ದರಿಂದ ಹೊಸಬರು ಸಾಮಾನ್ಯವಾಗಿ ಈ ಮುಂದಿನ ದಾರಿಗಳಲ್ಲಿ ಒಂದಕ್ಕಿಂತ ಹೆಚ್ಚನ್ನು ಏಕಕಾಲಕ್ಕೆ ಹಿಡಿಯುತ್ತಾರೆ.

ಊರಿನ ಮೈದಾನ. ಖರ್ಚಿಲ್ಲದೆ ಅಭ್ಯಾಸ ದೊರೆಯುವ ಸ್ಥಳವಿದು. ಒಂದೇ ದಿನದಲ್ಲಿ ಹತ್ತಾರು ಪಂದ್ಯಗಳು ನಡೆಯುವುದರಿಂದ ಒಂದು ಹಂಗಾಮಿನಲ್ಲಿ ದೊರೆಯುವ ಅನುಭವ ಅಪಾರ. ಇದರ ಕೊರತೆ ಎಂದರೆ ಕೇಳುಗರೂ ಮೈದಾನದಲ್ಲಿಯೇ ಇದ್ದು ಆಟವನ್ನು ನೋಡುತ್ತಿರುತ್ತಾರೆ. ಹೀಗಾಗಿ ಕಾಣದವರಿಗೆ ಕಾಣಿಸುವ ಶಿಸ್ತು ತಾನಾಗಿ ಬರುವುದಿಲ್ಲ.

ಆಕಾಶವಾಣಿ. 15ರಿಂದ 30 ವರ್ಷದೊಳಗಿನವರಿಗಾಗಿ ರೂಪಿಸಿದ 'ಯುವವಾಣಿ' ಕಾರ್ಯಕ್ರಮವು ಅನೇಕ ಪೀಳಿಗೆಗಳಿಗೆ ಧ್ವನಿಪೆಟ್ಟಿಗೆಯ ಮೊದಲ ಪರಿಚಯ ನೀಡಿದೆ. ತಾತ್ಕಾಲಿಕ ಉದ್ಘೋಷಕರ ಆಯ್ಕೆಯು ಲಿಖಿತ ಪರೀಕ್ಷೆ ಮತ್ತು ಧ್ವನಿಪರೀಕ್ಷೆಗಳ ಮೂಲಕ ನಡೆಯುತ್ತದೆ. ಉಚ್ಚಾರಣೆ, ಓದಿನ ವೇಗ, ಸಾಮಾನ್ಯ ಜ್ಞಾನಗಳನ್ನು ಅಲ್ಲಿ ಅಳೆಯುತ್ತಾರೆ. ಮಂಡ್ಯ ಜಿಲ್ಲೆಯ ತರುಣರಿಗೆ ಮೈಸೂರು ಮತ್ತು ಬೆಂಗಳೂರು ಕೇಂದ್ರಗಳೆರಡೂ ಒಂದು ದಿನದಲ್ಲಿ ಹೋಗಿಬರುವ ದೂರದಲ್ಲಿವೆ.

ಖಾಸಗಿ ಎಫ್‌ಎಂ ಮತ್ತು ಸಮುದಾಯ ಬಾನುಲಿ. 2011ರಲ್ಲಿ ಪ್ರಕಟವಾದ ಮೂರನೆಯ ಹಂತದ ಎಫ್‌ಎಂ ನೀತಿಯು ದೊಡ್ಡ ಪಂದ್ಯಗಳ ನೇರ ವಿವರಣೆಗೆ ಖಾಸಗಿ ಕೇಂದ್ರಗಳಿಗೆ ಅವಕಾಶ ನೀಡದಿದ್ದರೂ, ಸ್ಥಳೀಯ ಸ್ವರೂಪದ ಕ್ರೀಡೆಗಳ ನೇರ ವಿವರಣೆಗೆ ಅನುಮತಿ ನೀಡಿದೆ. ತಾಲ್ಲೂಕು ಮಟ್ಟದ ಕಬಡ್ಡಿಯನ್ನು ಬಾನುಲಿಯಲ್ಲಿ ಹೇಳಲು ಕಾನೂನಿನ ಅಡ್ಡಿಯಿಲ್ಲ ಎಂಬುದು ಹೊಸಬರು ತಿಳಿದಿರಬೇಕಾದ ಸಂಗತಿ. ಸಮುದಾಯ ಬಾನುಲಿಗೆ ಮೊದಲು ಶಿಕ್ಷಣ ಸಂಸ್ಥೆಗಳಿಗಷ್ಟೇ ಪರವಾನಗಿ ದೊರೆಯುತ್ತಿತ್ತು. 2006ರಲ್ಲಿ ಅದನ್ನು ಸ್ವಯಂಸೇವಾ ಸಂಸ್ಥೆಗಳಿಗೂ ವಿಸ್ತರಿಸಲಾಯಿತು.

ಅಂತರಜಾಲ ಪ್ರಸಾರ. ಮೊಬೈಲ್ ದತ್ತಾಂಶ ಅಗ್ಗವಾದ ನಂತರ ಗ್ರಾಮೀಣ ಪಂದ್ಯಾವಳಿಗಳನ್ನು ಯೂಟ್ಯೂಬ್ ಮೂಲಕ ನೇರವಾಗಿ ಬಿತ್ತರಿಸುವುದು ಸಾಮಾನ್ಯವಾಗಿದೆ. ಬೆಂಗಳೂರಿನಲ್ಲಿ, ಕೊಲ್ಲಿ ದೇಶಗಳಲ್ಲಿ ಕೆಲಸ ಮಾಡುವ ಊರಿನವರು ತಮ್ಮ ಊರಿನ ಆಟವನ್ನು ಹೀಗೆ ನೋಡುತ್ತಾರೆ. ವಿವರಣೆಗಾರನ ಪಾಲಿಗೆ ಈ ಬದಲಾವಣೆ ದೊಡ್ಡದು. ಹಿಂದೆ ಗಾಳಿಯಲ್ಲಿ ಕರಗಿಹೋಗುತ್ತಿದ್ದ ಮಾತು ಈಗ ದಾಖಲೆಯಾಗಿ ಉಳಿಯುತ್ತದೆ. ಅದನ್ನು ಮಾದರಿಯಾಗಿ ವಾಹಿನಿಗಳಿಗೆ ಕಳುಹಿಸಬಹುದು. ತಾನೇ ಮತ್ತೆ ಕೇಳಿ ತಿದ್ದಿಕೊಳ್ಳಲೂಬಹುದು.

ದೂರದರ್ಶನ ವಾಹಿನಿ. ಇಲ್ಲಿ ಎರಡು ಬಗೆಯ ಸ್ಥಾನಗಳಿವೆ. ಒಂದು, ಆಟದ ಒಳಹೊರಗನ್ನು ವಿಶ್ಲೇಷಿಸುವ ಸ್ಥಾನ. ಇದಕ್ಕೆ ಮಾಜಿ ಆಟಗಾರರನ್ನು ಆರಿಸುವುದು ರೂಢಿ. ಇನ್ನೊಂದು, ಎಸೆತದಿಂದ ಎಸೆತಕ್ಕೆ ಆಟವನ್ನು ನಡೆಸಿಕೊಂಡು ಹೋಗುವ ನಿರೂಪಕನ ಸ್ಥಾನ. ಆಡಿ ಹೆಸರಾಗದ ಪದವೀಧರನಿಗೆ ಬಾಗಿಲು ತೆರೆಯುವುದಾದರೆ ಅದು ಈ ಎರಡನೆಯ ಸ್ಥಾನದಲ್ಲಿಯೇ. ಹೈದರಾಬಾದಿನ ಹರ್ಷ ಭೋಗ್ಲೆ ಇದಕ್ಕೆ ಪ್ರಸಿದ್ಧ ನಿದರ್ಶನ. ಅಂತರರಾಷ್ಟ್ರೀಯ ಕ್ರಿಕೆಟ್ ಆಡದ ಅವರು ಹತ್ತೊಂಬತ್ತರ ವಯಸ್ಸಿನಲ್ಲಿ ಹೈದರಾಬಾದ್ ಆಕಾಶವಾಣಿಯಿಂದ ಆರಂಭಿಸಿ ಇಂಗ್ಲಿಷ್ ವಿವರಣೆಯ ಮುಂಚೂಣಿಗೆ ಬಂದರು.

ಕೆಲಸದ ಸ್ವರೂಪ

ಬಾನುಲಿಯ ವಿವರಣೆಗೂ ದೂರದರ್ಶನದ ವಿವರಣೆಗೂ ಮೂಲಭೂತ ವ್ಯತ್ಯಾಸವಿದೆ. ಬಾನುಲಿಯಲ್ಲಿ ಹೇಳದೇ ಉಳಿದದ್ದು ನಡೆಯದೇ ಉಳಿದಂತೆ. ದೂರದರ್ಶನದಲ್ಲಿ ಕಾಣುವುದನ್ನೇ ಮತ್ತೆ ಹೇಳಿದರೆ ನೋಡುಗರಿಗೆ ಬೇಸರ. ಆದ್ದರಿಂದ ಬಾನುಲಿಯವನು ಮೌನಕ್ಕೆ ಹೆದರಬೇಕು, ದೂರದರ್ಶನದವನು ಮಾತಿಗೆ ಹೆದರಬೇಕು. ಅಂತರಜಾಲದ ಗ್ರಾಮೀಣ ಪ್ರಸಾರದಲ್ಲಿ ಚಿತ್ರ ಆಗಾಗ ನಿಂತುಹೋಗುವುದರಿಂದ ಎರಡೂ ಕ್ರಮಗಳು ಬೆರೆಯುತ್ತವೆ.

ಬಾನುಲಿ ವಿವರಣೆಯ ಪ್ರಾಥಮಿಕ ನಿಯಮ ಅಂಕಗಳನ್ನು ಮತ್ತೆ ಮತ್ತೆ ಹೇಳುವುದು. ಈಗಷ್ಟೇ ಬಾನುಲಿ ಹಾಕಿದವನಿಗೆ ಹಿಂದಿನದು ಗೊತ್ತಿರುವುದಿಲ್ಲ. ಅಮೆರಿಕದ ಬೇಸ್‌ಬಾಲ್ ವಿವರಣೆಗಾರ ರೆಡ್ ಬಾರ್ಬರ್ ಇದಕ್ಕಾಗಿ ಮೊಟ್ಟೆ ಬೇಯಿಸಲು ಬಳಸುವ ಮೂರು ನಿಮಿಷದ ಮರಳುಗಡಿಯಾರವನ್ನು ಮುಂದಿಟ್ಟುಕೊಳ್ಳುತ್ತಿದ್ದರು. ಮರಳು ಇಳಿದಾಗಲೆಲ್ಲ ಅಂಕ ಹೇಳಿ ಗಡಿಯಾರವನ್ನು ತಿರುಗಿಸಿಡುತ್ತಿದ್ದರು.

ಕಬಡ್ಡಿಯ ವಿವರಣೆ ಕನ್ನಡದ ಲಯಕ್ಕೆ ಚೆನ್ನಾಗಿ ಒಗ್ಗುತ್ತದೆ. ಪುರುಷರ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಪ್ರತಿ ತಂಡದಲ್ಲಿ ಏಳು ಜನ. ಒಂದು ದಾಳಿಯ ಅವಧಿ 30 ಸೆಕೆಂಡು. ಈ ಅರ್ಧ ನಿಮಿಷದಲ್ಲಿ ದಾಳಿಗಾರನ ಹೆಸರು, ಎದುರಿಗಿರುವ ರಕ್ಷಕರ ಸಂಖ್ಯೆ, ಅವನು ಹೊರಳಿದ ದಿಕ್ಕು, ಬೋನಸ್ ಗೆರೆ ದಾಟಿದನೇ ಇಲ್ಲವೇ ಎಂಬುದು, ಹಿಡಿತ ಬಿದ್ದ ಬಗೆ, ಕೊನೆಗೆ ತೀರ್ಪುಗಾರರ ಸನ್ನೆ ಇಷ್ಟನ್ನೂ ಹೇಳಿ ಮುಗಿಸಬೇಕು. ದಾಳಿಯ ಆರಂಭದಲ್ಲಿ ಮಾತು ನಿಧಾನವಾಗಿದ್ದು, ಸ್ಪರ್ಶದ ಕ್ಷಣಕ್ಕೆ ಏರಿ, ದಾಳಿಗಾರ ಮಧ್ಯರೇಖೆ ಮುಟ್ಟಿದಾಗ ನಿಲ್ಲಬೇಕು. ಮೂವರು ಅಥವಾ ಅದಕ್ಕಿಂತ ಕಡಿಮೆ ರಕ್ಷಕರಿದ್ದಾಗ ಹಿಡಿದರೆ ಹೆಚ್ಚುವರಿ ಅಂಕ ಸಿಗುವುದು, ಎರಡು ಖಾಲಿ ದಾಳಿಗಳ ನಂತರದ ದಾಳಿಯಲ್ಲಿ ಅಂಕ ತರಲೇಬೇಕಾಗುವುದು ಮೊದಲಾದ ವೃತ್ತಿಪರ ಲೀಗಿನ ನಿಯಮಗಳು ಹಳ್ಳಿಯ ಪಂದ್ಯಗಳಲ್ಲಿ ಎಲ್ಲೆಡೆ ಜಾರಿಯಲ್ಲಿರುವುದಿಲ್ಲ. ಆ ಪಂದ್ಯಕ್ಕೆ ಯಾವ ನಿಯಮ ಎಂಬುದನ್ನು ತೀರ್ಪುಗಾರರಿಂದ ಮೊದಲೇ ಕೇಳಿಕೊಳ್ಳುವುದು ಅನುಭವಿಗಳ ರೂಢಿ.

ಪೂರ್ವಸಿದ್ಧತೆಯ ಬಹುಭಾಗ ಹೆಸರುಗಳದು. ಹಳ್ಳಿಯ ತಂಡದ ಪಟ್ಟಿಯಲ್ಲಿ ಒಂದೇ ಹೆಸರಿನ ಇಬ್ಬರು ಮೂವರು ಇರುವುದು ಸಹಜ. ಅವರನ್ನು ಅಂಗಿಯ ಸಂಖ್ಯೆಯಿಂದಲೋ ಊರಿನಿಂದಲೋ ಬೇರ್ಪಡಿಸಬೇಕು. ಕ್ರಿಕೆಟ್‌ನಲ್ಲಿ ಕ್ರಿಕ್‌ಹೀರೋಸ್‌ನಂತಹ ಮೊಬೈಲ್ ಅನ್ವಯಗಳು ಸ್ಥಳೀಯ ಆಟಗಾರರ ಹಿಂದಿನ ಅಂಕಿಅಂಶಗಳನ್ನೂ ಒದಗಿಸುತ್ತವೆ. ಕಬಡ್ಡಿ ಮತ್ತು ಗಾಡಿ ಓಟಗಳಲ್ಲಿ ಇಂದಿಗೂ ಸ್ವಂತ ಟಿಪ್ಪಣಿ ಪುಸ್ತಕವೇ ಆಧಾರ.

ಭಾಷೆ

ಕನ್ನಡ ಪತ್ರಿಕೆಗಳು ಕ್ರೀಡೆಗಾಗಿ ದಾಂಡಿಗ, ಎಸೆತ, ಗೂಟರಕ್ಷಕ, ಕ್ಷೇತ್ರರಕ್ಷಣೆ, ಶತಕ, ಅಂಕಣ, ತೀರ್ಪುಗಾರ ಮುಂತಾದ ಪದಗಳನ್ನು ರೂಢಿಸಿವೆ. ಇವುಗಳಲ್ಲಿ ಎಸೆತ, ಶತಕ, ಅಂಕಣ, ತೀರ್ಪುಗಾರ ಎಂಬವು ಆಡುವ ಮಾತಿನಲ್ಲಿ ನಿಂತಿವೆ. ಗೂಟರಕ್ಷಕ, ಕ್ಷೇತ್ರರಕ್ಷಣೆಗಳು ಬರಹದಲ್ಲಿಯೇ ಹೆಚ್ಚಾಗಿ ಉಳಿದಿವೆ. ಕಾರಣ ಸರಳ: ಚೆಂಡು ಗಾಳಿಯಲ್ಲಿರುವಾಗ ಉದ್ದನೆಯ ಸಮಾಸಪದಕ್ಕೆ ಸಮಯವಿಲ್ಲ. ಬಾಯಿಗೆ ಬೇಗ ಬರುವ ಪದ ಗೆಲ್ಲುತ್ತದೆ. ವಿಕೆಟ್, ಬೌಂಡರಿ, ಸಿಕ್ಸರ್ ಇವು ಈಗ ಕನ್ನಡದ ವಿಭಕ್ತಿಗಳನ್ನು ತೊಟ್ಟು ಕನ್ನಡದ ಪದಗಳೇ ಆಗಿವೆ.

ಕಬಡ್ಡಿಯ ಸ್ಥಿತಿ ಬೇರೆ. ಆಟ ಇಲ್ಲಿಯದೇ ಆದ್ದರಿಂದ ಹಿಡಿತ, ದಾಳಿ, ಪಟ್ಟು, ಗೆರೆ, ಸರಪಳಿ ಮೊದಲಾದ ಪದಗಳು ಮೊದಲಿನಿಂದಲೂ ಜನರ ಬಾಯಲ್ಲಿವೆ. ವೃತ್ತಿಪರ ಲೀಗಿನ ಪ್ರಭಾವದಿಂದ ಇವುಗಳ ಜಾಗಕ್ಕೆ ರೈಡ್, ಟ್ಯಾಕಲ್ ಎಂಬ ಪದಗಳು ಹಳ್ಳಿಯ ಮೈಕಿಗೂ ಬಂದಿವೆ. ಬರಹಗಾರರು ಪದ ಸೃಷ್ಟಿಸಬಹುದು. ಅದು ಉಳಿಯುವುದೋ ಅಳಿಯುವುದೋ ವಿವರಣೆಗಾರನ ನಾಲಿಗೆಯ ಮೇಲೆ ತೀರ್ಮಾನವಾಗುತ್ತದೆ.

ಮಂಡ್ಯ ಸೀಮೆಯಲ್ಲಿ ಇನ್ನೊಂದು ಆಯ್ಕೆಯೂ ಎದುರಾಗುತ್ತದೆ. ಊರಿನ ಮೈದಾನದಲ್ಲಿ 'ಹಿಡ್ಕಂಡ್ರು' ಎಂದರೆ ಜನ ಕೇಕೆ ಹಾಕುತ್ತಾರೆ. 'ಹಿಡಿದುಕೊಂಡರು' ಎಂದರೆ ಸುಮ್ಮನಾಗುತ್ತಾರೆ. ಆಕಾಶವಾಣಿಯ ಧ್ವನಿಪರೀಕ್ಷೆಯಲ್ಲಿ ನಿರೀಕ್ಷೆ ತಿರುಗುಮುರುಗು. ಅಲ್ಲಿ ಅಕಾರ ಹಕಾರ, ಅಲ್ಪಪ್ರಾಣ ಮಹಾಪ್ರಾಣಗಳ ವ್ಯತ್ಯಾಸ ಗಮನಕ್ಕೆ ಬರುತ್ತದೆ. ಆದ್ದರಿಂದ ಈ ಸೀಮೆಯಿಂದ ಬರುವ ತರುಣರು ಎರಡು ಕನ್ನಡಗಳನ್ನೂ ಕೈವಶ ಮಾಡಿಕೊಳ್ಳಬೇಕಾಗುತ್ತದೆ. ಊರಿನ ಮಾತನ್ನು ಬಿಟ್ಟವನ ವಿವರಣೆ ಸಪ್ಪೆಯಾಗುತ್ತದೆ. ಅದೊಂದನ್ನೇ ನೆಚ್ಚಿದವನ ವಿವರಣೆ ಜಿಲ್ಲೆಯ ಗಡಿ ದಾಟುವುದಿಲ್ಲ. ಆಟಗಾರರನ್ನು ಏಕವಚನದಲ್ಲಿ ಕರೆಯಬೇಕೆ, ಬಹುವಚನದಲ್ಲಿಯೇ ಎಂಬುದೂ ಇದೇ ಬಗೆಯ ಪ್ರಶ್ನೆ. ಊರಿನಲ್ಲಿ ಸಲಿಗೆಯ ಏಕವಚನ ಪ್ರೀತಿಯ ಗುರುತಾಗಬಹುದು. ಎದುರು ತಂಡದವರ ಬಗ್ಗೆ ಅದೇ ಏಕವಚನ ಬಳಸಿದರೆ ಜಗಳಕ್ಕೆ ಕಾರಣವಾಗಬಹುದು.

ಅಮೆರಿಕದ ಕಿರಿಯ ಲೀಗ್‌ಗಳೊಡನೆ ಹೋಲಿಕೆ

ಈ ವೃತ್ತಿಗೆ ಕ್ರಮಬದ್ಧ ಮೆಟ್ಟಿಲುಗಳಿರುವ ಉದಾಹರಣೆ ಅಮೆರಿಕದ ಬೇಸ್‌ಬಾಲ್. ಅಲ್ಲಿ ಮೇಜರ್ ಲೀಗ್‌ನ 30 ತಂಡಗಳ ಕೆಳಗೆ, 2021ರ ಪುನರ್ರಚನೆಯ ನಂತರ, ನಾಲ್ಕು ಹಂತಗಳಲ್ಲಿ 120 ಕಿರಿಯ ತಂಡಗಳಿವೆ. ಸಣ್ಣ ಪಟ್ಟಣಗಳಲ್ಲಿ ನೆಲೆಸಿದ ಈ ತಂಡಗಳಲ್ಲಿ ಬಹುತೇಕಕ್ಕೆ ತಮ್ಮದೇ ವಿವರಣೆಗಾರರಿರುತ್ತಾರೆ. ಕಾಲೇಜಿನ ಬಾನುಲಿಯಲ್ಲಿ ಕಲಿತ ತರುಣ ಪದವಿಯ ನಂತರ ಕೆಳಹಂತದ ತಂಡಕ್ಕೆ ಸೇರಿ, ಆಟಗಾರರ ಜೊತೆ ಬಸ್ಸಿನಲ್ಲಿ ಊರೂರು ಸುತ್ತುತ್ತಾನೆ. ವಿವರಣೆಯ ಜೊತೆಗೆ ಪತ್ರಿಕಾ ಪ್ರಕಟಣೆ ಬರೆಯುವುದು, ಟಿಕೆಟ್ ಮಾರುವುದು, ಪ್ರಾಯೋಜಕರನ್ನು ಹುಡುಕುವುದೂ ಅವನ ಪಾಲಿಗೆ ಬರುತ್ತದೆ. ಮೈಕ್ ಹಿಡಿದವನೇ ಎಲ್ಲ ಕೆಲಸಕ್ಕೂ ಒದಗಬೇಕಾದ ಮಂಡ್ಯದ ಪಂದ್ಯಾವಳಿಯ ಸ್ಥಿತಿಗೂ ಇದಕ್ಕೂ ಹೋಲಿಕೆ ಸ್ಪಷ್ಟ.

ಕಿರಿಯ ಹಂತದಿಂದ ಮೇಲೇರಿದ ಪ್ರಸಿದ್ಧರಲ್ಲಿ ಅರ್ನಿ ಹಾರ್ವೆಲ್ ಒಬ್ಬರು. 1948ರಲ್ಲಿ ಬ್ರೂಕ್ಲಿನ್ ಡಾಡ್ಜರ್ಸ್ ತಂಡವು ಅವರನ್ನು ಕಿರಿಯ ಲೀಗಿನ ಅಟ್ಲಾಂಟಾ ತಂಡದಿಂದ ಪಡೆಯಲು ಬದಲಿಯಾಗಿ ತನ್ನ ಆಟಗಾರನೊಬ್ಬನನ್ನೇ ಬಿಟ್ಟುಕೊಟ್ಟಿತು. ಫೋರ್ಡ್‌ಹ್ಯಾಮ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ ಬಾನುಲಿಯಲ್ಲಿ ಪಳಗಿದ ವಿನ್ ಸ್ಕಲ್ಲಿ 1950ರಲ್ಲಿ ಅದೇ ಡಾಡ್ಜರ್ಸ್ ತಂಡ ಸೇರಿ, 2016ರವರೆಗೆ 67 ಹಂಗಾಮುಗಳ ಕಾಲ ಅದರ ಧ್ವನಿಯಾಗಿದ್ದರು. ಮುಂದೆ ಅಮೆರಿಕದ ಅಧ್ಯಕ್ಷರಾದ ರೊನಾಲ್ಡ್ ರೇಗನ್ 1930ರ ದಶಕದಲ್ಲಿ ಅಯೋವಾ ರಾಜ್ಯದ ಬಾನುಲಿಯಲ್ಲಿ, ತಂತಿಯ ಮೂಲಕ ಬಂದ ಚುಟುಕು ಸುದ್ದಿಯನ್ನು ಆಧರಿಸಿ, ತಾವು ಕಾಣದ ಬೇಸ್‌ಬಾಲ್ ಪಂದ್ಯಗಳನ್ನು ಕಂಡಂತೆ ವರ್ಣಿಸುತ್ತಿದ್ದರು.

ಕರ್ನಾಟಕದಲ್ಲಿ ಆಟಗಾರರಿಗೆ ಇಂತಹ ಮೆಟ್ಟಿಲುಗಳಿವೆ. 2009ರಲ್ಲಿ ಆರಂಭವಾದ ಕರ್ನಾಟಕ ಪ್ರೀಮಿಯರ್ ಲೀಗ್, 2022ರಿಂದ ನಡೆಯುತ್ತಿರುವ ಮಹಾರಾಜ ಟ್ರೋಫಿ ಇವು ಜಿಲ್ಲೆಗಳ ಪ್ರತಿಭೆಗಳನ್ನು ದೊಡ್ಡ ಲೀಗುಗಳ ಕಣ್ಣಿಗೆ ಬೀಳಿಸಿವೆ. ವಿವರಣೆಗಾರರ ವಿಷಯದಲ್ಲಿ ಹೀಗಾಗಿಲ್ಲ. ಊರಿನ ಮೈದಾನಕ್ಕೂ ವಾಹಿನಿಯ ಸ್ಟುಡಿಯೊಗೂ ನಡುವೆ ಸಂಬಳ ಕೊಡುವ, ತಿದ್ದುವ, ಮೇಲಕ್ಕೆ ಕಳುಹಿಸುವ ಮಧ್ಯದ ಹಂತವೇ ಇಲ್ಲ.

ಆದಾಯ ಮತ್ತು ಸಮಸ್ಯೆಗಳು

ಗ್ರಾಮೀಣ ಪಂದ್ಯಾವಳಿಗಳಲ್ಲಿ ವಿವರಣೆಗಾರರಿಗೆ ದೊರೆಯುವುದು ಗೌರವಧನ. ಕೆಲವೆಡೆ ಶಾಲು, ಹಾರ, ಊಟ ಮತ್ತು ಪ್ರಯಾಣದ ಖರ್ಚಿನಲ್ಲಿಯೇ ಮುಗಿಯುತ್ತದೆ. ಹಂಗಾಮು ವರ್ಷದ ಕೆಲವೇ ತಿಂಗಳು. ಹೀಗಾಗಿ ಬೋಧನೆ, ಕೃಷಿ, ಖಾಸಗಿ ನೌಕರಿ ಅಥವಾ ಸಮಾರಂಭಗಳ ನಿರೂಪಣೆಯೇ ಮುಖ್ಯ ಜೀವನೋಪಾಯವಾಗಿ ಉಳಿಯುತ್ತದೆ. ಪದವಿ ಮುಗಿಸಿದ ಮಗ ಮೈಕ್ ಹಿಡಿದು ಊರೂರು ಅಲೆಯುವುದನ್ನು ಮನೆಯವರು ಉದ್ಯೋಗವೆಂದು ಒಪ್ಪುವುದು ಅಪರೂಪ. ಮೊದಲ ಕೆಲವು ವರ್ಷಗಳಲ್ಲಿ ಹೆಚ್ಚಿನವರು ಈ ಹಾದಿಯನ್ನು ತೊರೆಯುವುದಕ್ಕೆ ಪ್ರತಿಭೆಯ ಕೊರತೆಗಿಂತ ಇದೇ ದೊಡ್ಡ ಕಾರಣ.

ಕಾನೂನಿನ ಮಿತಿಯೂ ಇದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಧ್ವನಿವರ್ಧಕ ಬಳಸಲು ಲಿಖಿತ ಅನುಮತಿ ಬೇಕು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ತೆರೆದ ಸ್ಥಳದಲ್ಲಿ ಅದರ ಬಳಕೆ ನಿಷಿದ್ಧ. ಸಾಂಸ್ಕೃತಿಕ ಅಥವಾ ಧಾರ್ಮಿಕ ಹಬ್ಬಗಳ ಸಂದರ್ಭದಲ್ಲಿ ರಾಜ್ಯ ಸರ್ಕಾರವು ವರ್ಷಕ್ಕೆ 15 ದಿನ ಮೀರದಂತೆ ಮಧ್ಯರಾತ್ರಿಯವರೆಗೆ ಸಡಿಲಿಕೆ ನೀಡಬಹುದು. ಹೊನಲು ಬೆಳಕಿನ ಪಂದ್ಯಗಳ ಅಂತಿಮ ಸುತ್ತು ಈ ಗಡಿಗೆ ಬಂದು ತಾಗುವುದು ಸಾಮಾನ್ಯ. ಪರೀಕ್ಷೆಗೆ ಓದುವ ಮಕ್ಕಳು, ಮಲಗಿದ ವೃದ್ಧರು ಇರುವ ಊರಿನಲ್ಲಿ ಈ ನಿಯಮಕ್ಕೆ ಬೆಲೆ ಕೊಡುವುದು ವಿವರಣೆಗಾರನ ಹೊಣೆಯೂ ಹೌದು.

ಮೈಕಿನ ಮಾತು ಜನಸಮೂಹವನ್ನು ಕೆರಳಿಸಬಲ್ಲದು ಎಂಬುದು ಮತ್ತೊಂದು ಸಮಸ್ಯೆ. ಸ್ವಂತ ಊರಿನ ತಂಡದ ಪರ ವಾಲುವುದು, ಜಾತಿ ಅಥವಾ ಪಕ್ಷದ ಗುರುತಿನಿಂದ ಆಟಗಾರರನ್ನು ಹೊಗಳುವುದು, ತೀರ್ಪುಗಾರರನ್ನು ಹೀಗಳೆಯುವುದು ಪಂದ್ಯವನ್ನೇ ನಿಲ್ಲಿಸುವ ಮಟ್ಟಕ್ಕೆ ಹೋಗಬಹುದು. ನಿಷ್ಪಕ್ಷಪಾತ ಎಂಬುದು ಇಲ್ಲಿ ನೀತಿಪಾಠವಷ್ಟೇ ಆಗಿರದೆ ಕೆಲಸದ ಅಗತ್ಯವೂ ಆಗಿದೆ.

ಮಹಿಳೆಯರು

ಭಾರತದ ಮೊದಲ ಮಹಿಳಾ ಕ್ರಿಕೆಟ್ ವಿವರಣೆಗಾರ್ತಿ ಎಂದು ಗುರುತಿಸಲ್ಪಡುವವರು ಸಿ. ಕೆ. ನಾಯುಡು ಅವರ ಪುತ್ರಿ ಚಂದ್ರಾ ನಾಯುಡು. ಅವರು 1970ರ ದಶಕದಲ್ಲಿ ಇಂದೋರಿನಲ್ಲಿ ವಿವರಣೆ ನೀಡಿದರು. ಕರ್ನಾಟಕದ ವೇದಾ ಕೃಷ್ಣಮೂರ್ತಿ ಭಾರತ ತಂಡದ ಪರ ಆಡಿ, ನಂತರ ವಿವರಣೆಯಲ್ಲಿ ತೊಡಗಿದ್ದಾರೆ. ಕಬಡ್ಡಿಯಲ್ಲಿ ತೇಜಸ್ವಿನಿ ಬಾಯಿ, ಮಮತಾ ಪೂಜಾರಿಯಂತಹ ಅರ್ಜುನ ಪ್ರಶಸ್ತಿ ಪುರಸ್ಕೃತರನ್ನು ರಾಜ್ಯ ಕಂಡಿದ್ದರೂ, ಗ್ರಾಮೀಣ ಪಂದ್ಯಾವಳಿಯ ಮೈಕ್ ಇನ್ನೂ ಬಹುಮಟ್ಟಿಗೆ ಪುರುಷರ ಕೈಯಲ್ಲಿದೆ. ಪಂದ್ಯಗಳು ತಡರಾತ್ರಿಯವರೆಗೆ ನಡೆಯುವುದು, ಪ್ರಯಾಣದ ತೊಂದರೆ ಇದಕ್ಕೆ ಕಾರಣಗಳು. ಹಗಲಿನಲ್ಲಿ ನಡೆಯುವ ಶಾಲಾ ಮತ್ತು ಕಾಲೇಜು ಕ್ರೀಡಾಕೂಟಗಳಲ್ಲಿ ವಿದ್ಯಾರ್ಥಿನಿಯರು ಮೈಕ್ ಹಿಡಿಯುವುದು ಸಾಧ್ಯ. ಅಲ್ಲಿ ಅವಕಾಶ ಕೊಡುವುದು ಶಿಕ್ಷಕರ ಕೈಯಲ್ಲಿಯೇ ಇದೆ.

ಇವನ್ನೂ ನೋಡಿ

ಕಬಡ್ಡಿ
ಕಂಬಳ
ಆಕಾಶವಾಣಿ
ಮಹಾರಾಜ ಟ್ರೋಫಿ
ಮೈಸೂರು ದಸರಾ
ಗೆಜ್ಜಲಗೆರೆ
ಮದ್ದೂರು